ಗೊರಟೆಯ ಸುತ್ತಲಿನ ಕಹಿ: ಆಲಿವ್ ಕಾಯಿ, ಆಹಾರ ಮತ್ತು ಆರೋಗ್ಯ

(ದತ್ತಿ ಉಪನ್ಯಾಸದ ಲಿಖಿತ ರೂಪ)



ತಾಯಿಯ ನೆನಪಿಗೆ ಒಂದಿಷ್ಟು ಹಣವನ್ನು ಇಡುಗಂಟಾಗಿಟ್ಟು, ವರ್ಷಕ್ಕೊಮ್ಮೆ ಊಟ ಮತ್ತು ಆರೋಗ್ಯದ ಬಗ್ಗೆ ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಉಪನ್ಯಾಸ ನಡೆಯಲಿ ಎಂದು ಬಯಸಿದ ಕುಟುಂಬಕ್ಕೆ ಮೊದಲು ನನ್ನ ನಮಸ್ಕಾರ. ಜೀವಮಾನವಿಡೀ ಮನೆಮಂದಿಗೆ ಬಡಿಸಿದ ತಾಯಿಯನ್ನು ನೆನೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಇವತ್ತಿನ ವಿಷಯ ನನ್ನ ಬಳಿಗೆ ಬಂದದ್ದು ಒಂದು ಬಾಟಲಿಯಲ್ಲಿ. ಹೋದ ವರ್ಷ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಸೆರಗಿನಲ್ಲಿ ಗಾಜಿನ ಬಾಟಲಿ ಸುತ್ತಿಕೊಂಡು ಮನೆಗೆ ಬಂದಳು. ಅದಕ್ಕೆ ಆರು ತಿಂಗಳ ಹಿಂದೆ ಅವಳ ಗಂಡನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಬಿಪಿ ಮಾತ್ರೆ ಅದಕ್ಕೂ ಮೊದಲಿನಿಂದ ನಡೆದಿತ್ತು. ಹೃದಯಕ್ಕೆ ಒಳ್ಳೆಯದೆಂದು ಬೆಂಗಳೂರಿನಲ್ಲಿರುವ ಮಗ ಆ ಬಾಟಲಿ ಕಳಿಸಿದ್ದ. ಒಳಗೆ ಗೊರಟೆ ತೆಗೆದು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದ ಕಪ್ಪು ಆಲಿವ್. "ದಿನಕ್ಕೆ ಎಷ್ಟು ಕೊಡಲಿ ಟೀಚರೇ? ಮಾತ್ರೆ ಥರ ಬೆಳಿಗ್ಗೆ ಸಂಜೆ ಕೊಡಲಾ?" ಎಂದು ಕೇಳಿದಳು.

"ನಾಲ್ಕೈದು ಬಿಲ್ಲೆ ಸಾಕು ಕಣಮ್ಮ, ನೀರಲ್ಲಿ ಚೆನ್ನಾಗಿ ತೊಳೆದು ಕೊಡು" ಎಂದು ಹೇಳಿ ಕಳಿಸಿದೆ. ತಪ್ಪು ಹೇಳಲಿಲ್ಲ. ಆದರೆ ಆಸೆಯಿಂದ ಬಂದವಳಿಗೆ ಅಷ್ಟೇ ಹೇಳಿ ಕಳಿಸಿದೆನಲ್ಲ ಎಂಬುದು ಮನಸ್ಸಿನಲ್ಲಿ ಉಳಿದುಹೋಯಿತು. ಈ ಉಪನ್ಯಾಸ ಅವಳಿಗೆ ನಾನು ಕೊಡಬೇಕಿದ್ದ ಪೂರ್ತಿ ಉತ್ತರ.

ಉತ್ತರದ ಸಾರ ಮೊದಲೇ ಹೇಳಿಬಿಡುತ್ತೇನೆ. ಆಲಿವ್ ಒಳ್ಳೆಯ ಆಹಾರ, ನಿಜ. ಎಷ್ಟು ಒಳ್ಳೆಯದು ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ: ಅದರ ಕಹಿಯನ್ನು ಹೇಗೆ ಬಿಡಿಸಿದರು, ಮತ್ತು ತಟ್ಟೆಯಲ್ಲಿ ಅದು ಯಾವುದರ ಜಾಗಕ್ಕೆ ಬಂದು ಕೂತಿತು.

ಮಲ್ಲಿಗೆಯ ಬಳಗ

ಆಲಿವ್ ಮರ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನೆಲದ್ದು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಓಲಿಯಾ ಯೂರೋಪಿಯಾ ಎಂದು ಹೆಸರು. ಅದು ಸೇರಿರುವ ಓಲಿಯೇಸಿ ಕುಟುಂಬದಲ್ಲೇ ನಮ್ಮ ಮಲ್ಲಿಗೆಯೂ ಪಾರಿಜಾತವೂ ಇವೆ. ಅದೇ ಓಲಿಯಾ ಕುಲದ ಇನ್ನೊಂದು ಮರ, ಓಲಿಯಾ ಡಯೋಯಿಕಾ, ಪಶ್ಚಿಮ ಘಟ್ಟದ ಕಾಡುಗಳಲ್ಲಿ ತಾನಾಗಿ ಬೆಳೆಯುತ್ತದೆ. ಹಾಗಾಗಿ ಈ ಕಾಯಿ ನಮಗೆ ಪೂರ್ತಿ ಪರಕೀಯವೇನಲ್ಲ. ಆದರೆ ಕೇರಳ, ಶ್ರೀಲಂಕಾದ ಕಡೆ 'ಸಿಲೋನ್ ಆಲಿವ್' ಎಂದು ಉಪ್ಪಿಗೆ ಹಾಕುವ ಕಾಯಿಗೂ ಇದಕ್ಕೂ ಸಂಬಂಧವಿಲ್ಲ. ಅದು ರುದ್ರಾಕ್ಷಿಯ ಕುಲದ್ದು. ಇವತ್ತು ಹೇಳುವ ಗುಣಗಳನ್ನು ಅದಕ್ಕೆ ಹಚ್ಚಬಾರದು.

ಮಾವಿನಂತೆ ಆಲಿವ್ ಕೂಡ ಒಂದೇ ಗೊರಟೆಯ ಹಣ್ಣು. ಮಾವು ಮಾಗುತ್ತ ಸಿಹಿಯಾಗುತ್ತದೆ, ನೂರು ಗ್ರಾಂ ಹಣ್ಣಿನಲ್ಲಿ ಸುಮಾರು 14 ಗ್ರಾಂ ಸಕ್ಕರೆ ಸೇರುತ್ತದೆ. ಆಲಿವ್ ಮಾಗುತ್ತ ಎಣ್ಣೆ ತುಂಬಿಕೊಳ್ಳುತ್ತದೆ. ತಳಿ ಮತ್ತು ಮಾಗಿದ ಹದ ನೋಡಿಕೊಂಡು ಎಣ್ಣೆ ಶೇ 12ರಿಂದ 30ರವರೆಗೂ ಇರಬಹುದು, ಸಕ್ಕರೆ ಮಾತ್ರ ತೀರ ಕಡಿಮೆ. ಸಿಹಿಯಿಲ್ಲದ, ಜಿಡ್ಡಿರುವ ಹಣ್ಣು ಇದು. ಅಂಗಡಿಯ ಹಸಿರು ಆಲಿವ್, ಕಪ್ಪು ಆಲಿವ್ ಬೇರೆ ಬೇರೆ ಜಾತಿಗಳು ಎಂದುಕೊಂಡವರಿದ್ದಾರೆ. ಎರಡೂ ಒಂದೇ. ಎಳೆಯದು ಹಸಿರು, ಬಲಿತು ಹಣ್ಣಾಗುತ್ತ ನೇರಳೆ, ಆಮೇಲೆ ಕಪ್ಪು.

ಮರದಿಂದ ಕಿತ್ತ ಆಲಿವ್ ಕಾಯಿಯನ್ನು ಯಾರೂ ತಿನ್ನಲಾರರು, ಅಷ್ಟು ಕಹಿ. ಕಹಿಗೆ ಕಾರಣ ಓಲಿಯುರೋಪೀನ್ ಎಂಬ ಪಾಲಿಫಿನಾಲ್. ಎಳೆಗಾಯಿಯ ಒಣತೂಕದಲ್ಲಿ ಅದು ಶೇ 14ರಷ್ಟು ಇರುವುದುಂಟು. ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಮರ ಮಾಡಿಕೊಂಡ ಏರ್ಪಾಡು ಅದು. ಆಲಿವ್ ತಿನ್ನುವ ನಾಡುಗಳ ಪಾಕವಿದ್ಯೆಯೆಲ್ಲ ಈ ಕಹಿಯೊಂದಿಗೆ ಮಾಡಿಕೊಂಡ ಒಡಂಬಡಿಕೆ.

ಕಹಿ ಬಿಡಿಸುವ ದಾರಿಗಳು

ಈ ವಿದ್ಯೆ ತುಂಬ ಹಳೆಯದು. ಇಸ್ರೇಲಿನ ಹೈಫಾ ಬಳಿ ಕಡಲಡಿಯಲ್ಲಿ ಮುಳುಗಿರುವ ಒಂದು ನೆಲೆಯಲ್ಲಿ ರಾಶಿರಾಶಿ ಆಲಿವ್ ಗೊರಟೆಗಳು ಸಿಕ್ಕಿವೆ. ಅವನ್ನು ಪರೀಕ್ಷಿಸಿದ ಪುರಾತತ್ವಜ್ಞರು, ಸುಮಾರು 6,600 ವರ್ಷಗಳ ಹಿಂದೆಯೇ ಅಲ್ಲಿ ತಿನ್ನುವುದಕ್ಕಾಗಿ ಆಲಿವನ್ನು ಉಪ್ಪುನೀರಿಗೆ ಹಾಕುತ್ತಿದ್ದರು ಎಂದು 2021ರಲ್ಲಿ ಬರೆದರು. ಹಳೆಯ ಗ್ರೀಕರು ಉಪ್ಪುನೀರಿನ ಆಲಿವನ್ನು 'ಕೊಲಿಂಬಾಡೆಸ್' ಎನ್ನುತ್ತಿದ್ದರು, ಅಂದರೆ ಈಜುವವು. ಕ್ರಿಸ್ತಪೂರ್ವ 2ನೇ ಶತಮಾನದ ರೋಮಿನ ಕೇಟೋ ತನ್ನ ಕೃಷಿ ಗ್ರಂಥದಲ್ಲಿ ಹೊಲದಾಳುಗಳಿಗೆ ಉದುರಿದ ಆಲಿವ್ ಕಾಯಿಗಳನ್ನು ಕೂಡಿಟ್ಟು ಕೊಡಬೇಕೆಂದು ಬರೆದಿದ್ದಾನೆ. ಇಂದು ದುಬಾರಿ ಬಾಟಲಿಯಲ್ಲಿ ಬರುವ ಈ ಕಾಯಿ ಮೂಲದಲ್ಲಿ ದುಡಿಯುವವರ ರೊಟ್ಟಿಗೆ ನೆಂಚಿಕೊಳ್ಳುವ ಪದಾರ್ಥವಾಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಹಿ ಬಿಡಿಸಲು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಗ್ರೀಸಿನ ದಾರಿ. ಬಲಿತ ಕಾಯಿಯನ್ನು ನೇರವಾಗಿ ಉಪ್ಪುನೀರಿಗೆ ಹಾಕಿ ತಿಂಗಳುಗಟ್ಟಲೆ ಬಿಡುವುದು. ಕಹಿ ಮೆಲ್ಲಮೆಲ್ಲನೆ ನೀರಿಗಿಳಿಯುತ್ತದೆ, ನೀರು ತಾನಾಗಿ ಹುಳಿಯುತ್ತದೆ. ನಮ್ಮ ಮಲೆನಾಡಿನ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕಿ, ಅದು ನೀರು ಬಿಟ್ಟು ಸುಕ್ಕಾಗುವ ತನಕ ಕಾಯುವ ತಾಳ್ಮೆ ಅವರದ್ದೂ ಹೌದು. ಪೆಲೊಪನೀಸ್ ಸೀಮೆಯ ಕಲಮಾಟ ಆಲಿವ್ ಹದವಾಗುವುದು ಉಪ್ಪುನೀರಿನಲ್ಲೇ. ಥಾಸೊಸ್ ದ್ವೀಪದ ಥ್ರೂಂಬ ಆಲಿವ್ ಒಣ ಉಪ್ಪಿನಲ್ಲಿ ಬಾಡಿ ಒಣದ್ರಾಕ್ಷಿಯಂತೆ ಸುಕ್ಕುಗಟ್ಟುತ್ತದೆ.

ಎರಡನೆಯದು ಸ್ಪೇನಿನ ದಾರಿ. ಸೆವಿಲ್ ಸುತ್ತಿನ ಮಾಂಜನಿಲ್ಲ, ಗೋರ್ಡಾಲ್ ತಳಿಗಳ ಹಸಿರು ಕಾಯಿಯನ್ನು ತೆಳುವಾದ ಕಾಸ್ಟಿಕ್ ಸೋಡಾ ನೀರಿನಲ್ಲಿ ಕೆಲವು ಗಂಟೆ ನೆನೆಸುತ್ತಾರೆ. ಕ್ಷಾರ ಸಿಪ್ಪೆಯಿಂದ ಒಳಗಿಳಿಯುತ್ತ ಓಲಿಯುರೋಪೀನನ್ನು ಒಡೆಯುತ್ತ ಹೋಗುತ್ತದೆ. ತಿಳಿದವರು ಅದನ್ನು ಗೊರಟೆಯ ತನಕ ಇಳಿಯಲು ಬಿಡುವುದಿಲ್ಲ. ತಿರುಳಿನ ಮೂರರಲ್ಲೆರಡು ಪಾಲು, ಹೆಚ್ಚೆಂದರೆ ನಾಲ್ಕರಲ್ಲಿ ಮೂರು ಪಾಲು ಇಳಿದ ಕೂಡಲೇ ತೆಗೆದು ತೊಳೆಯುತ್ತಾರೆ. ಗೊರಟೆಯ ಸುತ್ತ ತೆಳುವಾದ ಒಂದು ಪದರ ಕ್ಷಾರ ತಾಗದೆ ಉಳಿಯುತ್ತದೆ. ಅದರಲ್ಲಿ ಒಂದಿಷ್ಟು ಕಹಿ ಇರುತ್ತದೆ, ಹುಳಿಯಲು ಬೇಕಾದ ಒಂದಿಷ್ಟು ಸಕ್ಕರೆಯೂ ಇರುತ್ತದೆ. ಆಮೇಲೆ ಉಪ್ಪುನೀರಿನಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಕಾಯಿಯನ್ನು ಹದಕ್ಕೆ ತರುತ್ತವೆ.

ಮೂರನೆಯದು ಕ್ಯಾಲಿಫೋರ್ನಿಯಾದ ದಾರಿ ಎಂದು ಹೆಸರಾದದ್ದು. ಬಲಿಯದ ಕಾಯಿಯನ್ನೇ ಮತ್ತೆ ಮತ್ತೆ ಕ್ಷಾರದಲ್ಲಿ ನೆನೆಸಿ, ಗಾಳಿ ಹಾಯಿಸಿ ಕಪ್ಪಾಗಿಸುತ್ತಾರೆ. ಬಣ್ಣ ನಿಲ್ಲಲು ಫೆರಸ್ ಗ್ಲೂಕೊನೇಟ್ ಎಂಬ ಕಬ್ಬಿಣದ ಲವಣ ಸೇರಿಸುತ್ತಾರೆ. ಕೊನೆಗೆ ಡಬ್ಬಿಯಲ್ಲಿಟ್ಟು ಹೆಚ್ಚಿನ ಶಾಖದಲ್ಲಿ ಕ್ರಿಮಿಮುಕ್ತಗೊಳಿಸುತ್ತಾರೆ. ಪಿಜ್ಜಾದ ಮೇಲಿರುವ ನುಣುಪಾದ ಕಪ್ಪು ಬಿಲ್ಲೆಗಳು ಸಾಮಾನ್ಯವಾಗಿ ಈ ಬಗೆಯವು. ಅವು ಮರದ ಮೇಲೆ ಕಪ್ಪಾದ ಹಣ್ಣಲ್ಲ.

ಈ ಮೂರು ದಾರಿಗಳ ವ್ಯತ್ಯಾಸ ಬರಿಯ ರುಚಿಯದ್ದಲ್ಲ. ಓಲಿಯುರೋಪೀನ್ ಒಡೆದಾಗ ಹೈಡ್ರಾಕ್ಸಿಟೈರೊಸಾಲ್ ಎಂಬ ಪದಾರ್ಥ ಹುಟ್ಟುತ್ತದೆ. ಆಲಿವ್‌ನ ಆರೋಗ್ಯಗುಣದ ಬಗ್ಗೆ ವಿಜ್ಞಾನಿಗಳು ಆಡುವ ಮಾತಿನಲ್ಲಿ ದೊಡ್ಡ ಪಾಲು ಇದರದ್ದೇ. ಇದು ನೀರಿನಲ್ಲಿ ಕರಗುತ್ತದೆ. ನಿಧಾನವಾಗಿ ಉಪ್ಪುನೀರಿನಲ್ಲೇ ಹದವಾದ ಕಾಯಿಯಲ್ಲಿ ಇದರ ಒಳ್ಳೆಯ ಪಾಲು ಉಳಿಯುತ್ತದೆ. ಕ್ಷಾರಕ್ಕೆ ಹಾಕಿ ತೊಳೆದ ಕಾಯಿಯಲ್ಲಿ ಕಡಿಮೆಯಾಗುತ್ತದೆ. ಪದೇಪದೇ ತೊಳೆದು ಕಪ್ಪಾಗಿಸಿದ್ದರಲ್ಲಿ ಬಹುಪಾಲು ಹೊರಟುಹೋಗಿರುತ್ತದೆ. ಅಂದರೆ ಕಹಿ ಎಷ್ಟು ಅವಸರದಲ್ಲಿ ಹೋಯಿತೋ ಅದರ ಜೊತೆ ಗುಣವೂ ಅಷ್ಟು ಹೋಯಿತು. ಹಾಗಲಕಾಯಿ, ಮೆಂತ್ಯದ ಕಹಿಯನ್ನು ಪೂರ್ತಿ ತೆಗೆಯದೆ ಹದಕ್ಕೆ ತರುವ ನಮ್ಮ ಅಡುಗೆಯವರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ.

ನೂರು ಗ್ರಾಮಿನ ಲೆಕ್ಕ

ಈಗ ಪೋಷಕಾಂಶಗಳಿಗೆ ಬರೋಣ. ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯ ಪ್ರಕಾರ ಉಪ್ಪುನೀರಿನ ನೂರು ಗ್ರಾಂ ಹಸಿರು ಆಲಿವ್‌ನಲ್ಲಿ ಸುಮಾರು 145 ಕ್ಯಾಲೊರಿ, 15 ಗ್ರಾಂ ಕೊಬ್ಬು, 3 ಗ್ರಾಂ ನಾರಿನಂಶ, 3.8 ಮಿಲಿಗ್ರಾಂ ಇ ಜೀವಸತ್ವ ಇವೆ. ಪ್ರೋಟೀನ್ ಒಂದು ಗ್ರಾಮಿನಷ್ಟು ಮಾತ್ರ. ಡಬ್ಬಿಯ ಕಪ್ಪು ಆಲಿವ್‌ನಲ್ಲಿ 115 ಕ್ಯಾಲೊರಿ, 11 ಗ್ರಾಂ ಕೊಬ್ಬು. ಸಿ ಜೀವಸತ್ವ ಎರಡರಲ್ಲೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹಣ್ಣು ತಿಂದಂತಾಯಿತು ಎಂದು ಪೇರಲೆ, ನೆಲ್ಲಿಯ ಬದಲು ಆಲಿವ್ ತಿನ್ನಲಾಗದು.

ಆ ಕೊಬ್ಬಿನ ಬಹುಪಾಲು ಒಲಿಯಿಕ್ ಆಮ್ಲ. ಆಲಿವ್ ಎಣ್ಣೆಯಲ್ಲಿ ಅದು ಶೇ 55ರಿಂದ 83ರವರೆಗೆ ಇರುತ್ತದೆ. ಬೆಣ್ಣೆ, ಡಾಲ್ಡಾ, ತಾಳೆ ಎಣ್ಣೆಗಳ ಸ್ಯಾಚುರೇಟೆಡ್ ಕೊಬ್ಬಿನ ಜಾಗಕ್ಕೆ ಒಲಿಯಿಕ್ ಆಮ್ಲ ಬಂದಾಗ ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ. ಇದು ಚೆನ್ನಾಗಿ ರುಜುವಾತಾದ ಸಂಗತಿ. 'ಜಾಗಕ್ಕೆ' ಎಂಬ ಪದವನ್ನು ಗಮನಿಸಿ. ಬೆಣ್ಣೆ ಹಾಗೇ ಇದ್ದು ಅದರ ಜೊತೆಗೆ ಆಲಿವ್ ಸೇರಿದರೆ ಈ ಲಾಭ ಸಿಗುವುದಿಲ್ಲ, ಕ್ಯಾಲೊರಿ ಮಾತ್ರ ಹೆಚ್ಚುತ್ತದೆ.

ಕಬ್ಬಿಣದ ವಿಷಯಕ್ಕೆ ಒಂದು ಎಚ್ಚರಿಕೆ. ರಕ್ತಹೀನತೆ ಇರುವವರು ಕಪ್ಪು ಆಲಿವ್ ತಿನ್ನಬೇಕೆಂಬ ಸಲಹೆ ಅಲ್ಲಲ್ಲಿ ಓಡಾಡುತ್ತದೆ. ನೂರು ಗ್ರಾಂ ಹಸಿರು ಆಲಿವ್‌ನಲ್ಲಿ ಕಬ್ಬಿಣ ಅರ್ಧ ಮಿಲಿಗ್ರಾಂ. ಡಬ್ಬಿಯ ಕಪ್ಪು ಆಲಿವ್‌ನಲ್ಲಿ ಅದರ ಹಲವು ಪಟ್ಟು ಕಾಣುತ್ತದೆ. ಹೆಚ್ಚುವರಿ ಕಬ್ಬಿಣ ಬಂದದ್ದು ಮುಖ್ಯವಾಗಿ ಬಣ್ಣ ನಿಲ್ಲಿಸಲು ಹಾಕಿದ ಲವಣದಿಂದ. ಅದು ಮರ ಕೊಟ್ಟದ್ದಲ್ಲ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಸೊಪ್ಪು, ಕಾಳು ಮತ್ತು ವೈದ್ಯರು ಕೊಟ್ಟ ಮಾತ್ರೆಯನ್ನು ಬಿಟ್ಟು ಇದನ್ನು ನಂಬಬಾರದು.

ಕ್ರೀಟ್ ದ್ವೀಪದ ತಟ್ಟೆ

ಆಲಿವ್‌ಗೆ ಹೃದಯದ ಗೆಳೆಯ ಎಂಬ ಹೆಸರು ಬಂದದ್ದು ಹೇಗೆ? ಅದಕ್ಕೆ ಕ್ರೀಟ್‌ಗೆ ಹೋಗಬೇಕು. ಗ್ರೀಸಿನ ಈ ದ್ವೀಪದ ವೂವೆಸ್ ಎಂಬ ಹಳ್ಳಿಯಲ್ಲಿ ಕನಿಷ್ಠ 2,000 ವರ್ಷ ಹಳೆಯದೆಂದು ಅಂದಾಜಿಸಿರುವ ಆಲಿವ್ ಮರವಿದೆ. ಅದು ಇಂದಿಗೂ ಕಾಯಿ ಬಿಡುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಗೆದ್ದವರ ತಲೆಗಿಟ್ಟ ಎಲೆಮುಡಿಗೆ ಅದರ ಕೊಂಬೆಗಳನ್ನೂ ಬಳಸಿದ್ದರು.

ಅಮೆರಿಕದ ಶರೀರವಿಜ್ಞಾನಿ ಆನ್ಸೆಲ್ ಕೀಸ್ 1958ರಲ್ಲಿ 'ಏಳು ದೇಶಗಳ ಅಧ್ಯಯನ' ಆರಂಭಿಸಿದರು. 40ರಿಂದ 59 ವಯಸ್ಸಿನ ಹನ್ನೆರಡು ಸಾವಿರಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಹೃದಯಾಘಾತದ ಸಾವು ಅತಿ ಕಡಿಮೆ ಇದ್ದದ್ದು ಕ್ರೀಟ್‌ನಲ್ಲಿ, ಅತಿ ಹೆಚ್ಚು ಪೂರ್ವ ಫಿನ್ಲೆಂಡಿನಲ್ಲಿ. ಆಶ್ಚರ್ಯವೆಂದರೆ ಎರಡೂ ಕಡೆಯ ಜನ ತಿನ್ನುತ್ತಿದ್ದ ಒಟ್ಟು ಕೊಬ್ಬು ಹೆಚ್ಚುಕಡಿಮೆ ಒಂದೇ, ಕ್ಯಾಲೊರಿಯ ಶೇ 40ರ ಸುಮಾರು. ಆದರೆ ಕ್ರೀಟ್‌ನವರ ಸ್ಯಾಚುರೇಟೆಡ್ ಕೊಬ್ಬು ಶೇ 8ರ ಆಸುಪಾಸು, ಫಿನ್ಲೆಂಡಿನವರದ್ದು ಶೇ 20ಕ್ಕೂ ಮೇಲೆ. ಒಬ್ಬರ ಕೊಬ್ಬು ಆಲಿವ್‌ನದ್ದು, ಇನ್ನೊಬ್ಬರದ್ದು ಬೆಣ್ಣೆ ಹಾಲಿನದ್ದು.

ಕ್ರೀಟ್‌ನ ರೈತನ ಊಟದಲ್ಲಿ ಬೇರೆ ಏನೇನಿತ್ತು? ಬಾರ್ಲಿ ಮತ್ತು ಗೋಧಿಯ ಒರಟು ರೊಟ್ಟಿ, ಕಾಳುಗಳು, ಹಣ್ಣು, ಗುಡ್ಡದಿಂದ ಕಿತ್ತು ತಂದು ಬೇಯಿಸಿದ ಹತ್ತು ಬಗೆಯ ಸೊಪ್ಪು. ಆ ಸೊಪ್ಪಿಗೆ ಅವರು 'ಹೋರ್ತ' ಎನ್ನುತ್ತಾರೆ, ನಾವು ಬೆರಕೆ ಸೊಪ್ಪು ಎನ್ನುತ್ತೇವೆ. ಮಾಂಸ ಅಪರೂಪಕ್ಕೆ. ಗ್ರೀಕ್ ಕ್ರೈಸ್ತರು ಈಸ್ಟರ್‌ಗೆ ಮುಂಚಿನ ದೀರ್ಘ ಉಪವಾಸದಲ್ಲಿ ಮಾಂಸ, ಮೊಟ್ಟೆ, ಹಾಲು ಬಿಡುತ್ತಾರೆ. ಕಟ್ಟುನಿಟ್ಟಿನ ದಿನಗಳಲ್ಲಿ ಎಣ್ಣೆಯನ್ನೂ ಬಿಡುತ್ತಾರೆ. ಆಗಲೂ ಆಲಿವ್ ಕಾಯಿ ತಟ್ಟೆಯಲ್ಲಿರುತ್ತದೆ. ಉಪವಾಸದ ದಿನ ರೊಟ್ಟಿ, ಕಾಳು, ಸೊಪ್ಪಿಗೆ ರುಚಿ ಕೊಟ್ಟು ಊಟವಾಗಿಸುವುದು ಆ ಕಾಯಿ. ಕೇಟೋನ ಹೊಲದಾಳುಗಳನ್ನು ಇಲ್ಲಿ ನೆನೆಯಿರಿ. ಆಲಿವ್ ಒಂಟಿಯಾಗಿ ಯಾರನ್ನೂ ಕಾಪಾಡಲಿಲ್ಲ. ಸೊಪ್ಪು ಕಾಳು ತಿನ್ನುವುದನ್ನು ಸುಖವಾಗಿಸಿ, ಬೆಣ್ಣೆ ಮಾಂಸ ಬೇಡವೆನ್ನಿಸುವಂತೆ ಮಾಡಿತು.

ಇದಕ್ಕೆ ಫಿನ್ಲೆಂಡೇ ಸಾಕ್ಷಿ. ಅಲ್ಲಿನ ಉತ್ತರ ಕರೇಲಿಯಾ ಪ್ರಾಂತ್ಯದಲ್ಲಿ 1972ರಿಂದ ವೈದ್ಯ ಪೆಕ್ಕ ಪುಸ್ಕ ಅವರ ಮುಂದಾಳತ್ವದಲ್ಲಿ ದೊಡ್ಡ ಪ್ರಯತ್ನ ನಡೆಯಿತು. ಆ ಚಳಿನಾಡಿನಲ್ಲಿ ಒಂದೂ ಆಲಿವ್ ಮರವಿಲ್ಲ. ಜನ ಬೆಣ್ಣೆ ಕಡಿಮೆ ಮಾಡಿ ಸ್ಥಳೀಯ ರೇಪ್‌ಸೀಡ್ ಎಣ್ಣೆಗೆ ಬಂದರು, ಉಪ್ಪು ಮತ್ತು ಬೀಡಿ ಸಿಗರೇಟು ಇಳಿಸಿದರು, ತರಕಾರಿ ಹೆಚ್ಚಿಸಿದರು. ಮೂರೂವರೆ ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದಯಾಘಾತದ ಸಾವು ಶೇ 80ಕ್ಕೂ ಹೆಚ್ಚು ತಗ್ಗಿತು. ಕ್ರೀಟ್ ಕೊಟ್ಟ ಪಾಠವನ್ನು ಅವರು ತಮ್ಮ ನೆಲದ ಬೆಳೆಯಲ್ಲಿ ಕಲಿತರು.

ಎಣ್ಣೆಯ ಪುರಾವೆ, ಕಾಯಿಯ ಪುರಾವೆ

ಸ್ಪೇನಿನಲ್ಲಿ ನಡೆದ ಪ್ರೆಡಿಮೆಡ್ ಅಧ್ಯಯನದ ಹೆಸರನ್ನು ಪತ್ರಿಕೆಗಳಲ್ಲಿ ನೋಡಿರಬಹುದು. ಹೃದಯರೋಗದ ಅಪಾಯವಿದ್ದ 7,447 ಜನರಲ್ಲಿ ಒಂದು ಗುಂಪಿಗೆ ಮೆಡಿಟರೇನಿಯನ್ ಊಟದ ಜೊತೆ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಕೊಟ್ಟರು, ಇನ್ನೊಂದಕ್ಕೆ ದಿನಕ್ಕೆ 30 ಗ್ರಾಂ ಬಾದಾಮಿ, ಆಕ್ರೋಟು, ಹೇಜಲ್‌ನಟ್ ಕೊಟ್ಟರು. ಮೂರನೆಯದಕ್ಕೆ ಕೊಬ್ಬು ಕಡಿಮೆ ಮಾಡಿ ಎಂಬ ಸಲಹೆ. ಮೊದಲೆರಡು ಗುಂಪುಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು, ಇವುಗಳಿಂದಾದ ಸಾವು ಒಟ್ಟಾರೆ ಶೇ 30ರಷ್ಟು ಕಡಿಮೆಯಾದವು. 2013ರಲ್ಲಿ ಪ್ರಕಟವಾದ ಈ ಲೇಖನವನ್ನು, ಕೆಲವು ಕೇಂದ್ರಗಳಲ್ಲಿ ಜನರನ್ನು ಗುಂಪು ಮಾಡುವಾಗ ಲೋಪವಾಗಿದ್ದರಿಂದ, 2018ರಲ್ಲಿ ಹಿಂತೆಗೆದುಕೊಂಡು ಲೆಕ್ಕ ಮರುಪರಿಶೀಲಿಸಿ ಮತ್ತೆ ಪ್ರಕಟಿಸಿದರು. ಫಲಿತಾಂಶ ಬಹುಮಟ್ಟಿಗೆ ಹಾಗೇ ಉಳಿಯಿತು.

ಕಹಿಯ ಪರವಾಗಿಯೂ ಸಾಕ್ಷ್ಯಗಳಿವೆ. ಅಮೆರಿಕದ ಗ್ಯಾರಿ ಬೋಶಾಂ ಎಂಬ ವಿಜ್ಞಾನಿ ಸಿಸಿಲಿಯಲ್ಲಿ ಹೊಸ ಆಲಿವ್ ಎಣ್ಣೆ ರುಚಿ ನೋಡಿದಾಗ ಗಂಟಲು ಚುರುಗುಟ್ಟಿತು. ಐಬುಪ್ರೊಫೆನ್ ಮದ್ದು ನುಂಗಿದಾಗ ಆಗುವುದೂ ಅದೇ ಚುರುಕು ಎಂದು ಅವರಿಗೆ ಹೊಳೆಯಿತು. ಆ ಎಣ್ಣೆಯಲ್ಲಿರುವ ಓಲಿಯೋಕ್ಯಾಂಥಾಲ್ ಎಂಬ ಪದಾರ್ಥ ಉರಿಯೂತದ ಕಿಣ್ವಗಳನ್ನು ಆ ಮದ್ದಿನಂತೆಯೇ ತಡೆಯುತ್ತದೆ ಎಂದು ಅವರ ತಂಡ 2005ರಲ್ಲಿ ತೋರಿಸಿತು. ಎಣ್ಣೆಯ ಪಾಲಿಫಿನಾಲ್‌ಗಳು ರಕ್ತದ ಕೊಬ್ಬು ಆಕ್ಸಿಡೀಕರಣವಾಗದಂತೆ ಕಾಪಾಡಲು ನೆರವಾಗುತ್ತವೆ ಎಂದು ಲೇಬಲಿನ ಮೇಲೆ ಬರೆಯಲು ಯೂರೋಪಿಯನ್ ಒಕ್ಕೂಟ 2012ರಲ್ಲಿ ಅನುಮತಿ ಕೊಟ್ಟಿತು. ಷರತ್ತು ಇಷ್ಟು: 20 ಗ್ರಾಂ ಎಣ್ಣೆಯಲ್ಲಿ ಹೈಡ್ರಾಕ್ಸಿಟೈರೊಸಾಲ್ ಮತ್ತು ಅದರ ಬಳಗದ ಪದಾರ್ಥಗಳು ಕನಿಷ್ಠ 5 ಮಿಲಿಗ್ರಾಂ ಇರಬೇಕು.

ಇವೆಲ್ಲ ಎಣ್ಣೆಗೆ ಸಿಕ್ಕ ಪುರಾವೆಗಳು. ಕಾಯಿಯನ್ನೇ ತಿನ್ನಿಸಿ ನಡೆಸಿದ ಇಷ್ಟು ದೊಡ್ಡ ಅಧ್ಯಯನ ಇಲ್ಲ. ಕಾಯಿಯಲ್ಲಿ ಎಣ್ಣೆಯಲ್ಲಿಲ್ಲದ ನಾರಿನಂಶವಿದೆ. ಸಿಪ್ಪೆಯ ಮೇಣದಂಥ ಪದರದಲ್ಲಿ ಮಾಸ್ಲಿನಿಕ್ ಆಮ್ಲದಂಥ ಪದಾರ್ಥಗಳು ಎಣ್ಣೆಗಿಂತ ಹೆಚ್ಚಿವೆ. ಆದರೆ ಎಣ್ಣೆಯ ಪುರಾವೆಯನ್ನು ಕಾಯಿಯ ಬಾಟಲಿಯ ಮೇಲೆ ಅಂಟಿಸಿ ಮಾರುವುದು ನ್ಯಾಯವಲ್ಲ. ಏಕೆಂದರೆ ಎಣ್ಣೆಯಲ್ಲಿಲ್ಲದ ಇನ್ನೊಂದು ವಸ್ತು ಆ ಬಾಟಲಿಯಲ್ಲಿದೆ.

ಉಪ್ಪು

ನೂರು ಗ್ರಾಂ ಹಸಿರು ಆಲಿವ್‌ನಲ್ಲಿ ಸುಮಾರು 1,550 ಮಿಲಿಗ್ರಾಂ ಸೋಡಿಯಂ ಇದೆ, ಡಬ್ಬಿಯ ಕಪ್ಪಿನಲ್ಲಿ 735. ದೊಡ್ಡವರು ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂ ಮೀರಬಾರದು, ಅಂದರೆ 5 ಗ್ರಾಂ ಉಪ್ಪು, ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಆಲಿವ್ ನಾಲ್ಕು ಗ್ರಾಂ ಎಂದಿಟ್ಟುಕೊಳ್ಳಿ. ಹತ್ತು ಹಸಿರು ಆಲಿವ್ ತಿಂದರೆ 6 ಗ್ರಾಂ ಒಳ್ಳೆಯ ಕೊಬ್ಬಿನ ಜೊತೆ 600 ಮಿಲಿಗ್ರಾಂಗೂ ಹೆಚ್ಚು ಸೋಡಿಯಂ ಒಳಗೆ ಹೋಯಿತು. ಇಡೀ ದಿನದ ಮಿತಿಯ ಸುಮಾರು ಮೂರನೇ ಒಂದು ಪಾಲು ಒಂದು ಹಿಡಿಯಲ್ಲಿ ಮುಗಿಯಿತು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಮೊದಲೇ ಇರುವ ನಮ್ಮ ಊಟಕ್ಕೆ ಇದೂ ಸೇರಿದರೆ ಹೃದಯಕ್ಕೆಂದು ತಂದದ್ದು ರಕ್ತದೊತ್ತಡಕ್ಕೆ ತೊಂದರೆಯಾಗುತ್ತದೆ.

ಇದಕ್ಕೆ ಪರಿಹಾರ ಕರಾವಳಿಯ ಮನೆಗಳಲ್ಲೇ ಇದೆ. ಹಲಸಿನ ಉಪ್ಪುಸೊಳೆಯನ್ನು ಭರಣಿಯಿಂದ ತೆಗೆದ ಕೂಡಲೇ ಯಾರೂ ಒಗ್ಗರಣೆಗೆ ಹಾಕುವುದಿಲ್ಲ. ನೀರಿನಲ್ಲಿ ನೆನೆಸಿ, ಹಿಂಡಿ, ಉಪ್ಪು ಬಿಡಿಸಿ ಆಮೇಲೆ ಬಳಸುತ್ತಾರೆ. ಆಲಿವ್‌ಗೂ ಅದೇ ಕ್ರಮ. ತಿನ್ನುವ ಮುನ್ನ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ನೀರು ಚೆಲ್ಲಿ. ಅದು ಸೇರುವ ಪದಾರ್ಥಕ್ಕೆ ಬೇರೆ ಉಪ್ಪು ಹಾಕಬೇಡಿ. ಆಲಿವ್ ಇದ್ದ ದಿನ ಉಪ್ಪಿನಕಾಯಿ ಬೇಡ. ಮಕ್ಕಳಿಗೆ ಕೊಡುವಾಗ ಗೊರಟೆ ತೆಗೆದೇ ಕೊಡಿ.

ಪೂರ್ತಿ ಉತ್ತರ

ಆ ಹೆಣ್ಣುಮಗಳು ಮತ್ತೆ ಬಂದರೆ ಹೀಗೆ ಹೇಳುತ್ತೇನೆ.

ಇದು ಮಾತ್ರೆಯಲ್ಲಮ್ಮ, ನೆಂಚಿಕೊಳ್ಳುವ ಪದಾರ್ಥ. ಮೊದಲು ಬಾಟಲಿಯ ಹಿಂದಿನ ಸಣ್ಣಕ್ಷರ ಓದಿಸು. ಫೆರಸ್ ಗ್ಲೂಕೊನೇಟ್ ಎಂದೋ 579 ಎಂಬ ಅಂಕಿಯೋ ಇದ್ದರೆ ಅದು ಬಣ್ಣ ನಿಲ್ಲಿಸಿದ ಕಪ್ಪು. ತಿಂದರೆ ಕೇಡಿಲ್ಲ, ಆದರೆ ನೀನು ಹುಡುಕುತ್ತಿರುವ ಗುಣ ಅದರಲ್ಲಿ ಬಹಳ ಉಳಿದಿಲ್ಲ. ಮುಂದಿನ ಸಲ ಮಗ ಕಳಿಸುವುದಾದರೆ ಕಲಮಾಟದಂತೆ ಉಪ್ಪುನೀರಿನಲ್ಲಿ ನಿಧಾನವಾಗಿ ಹದವಾದದ್ದು, ಗೊರಟೆ ಇರುವುದು, ಸ್ವಲ್ಪ ಕಹಿ ಉಳಿದಿರುವುದು ಕಳಿಸಲಿ. ನೆನೆಸಿ ಉಪ್ಪು ಬಿಡಿಸಿ, ನಾಲ್ಕೈದು ಕಾಯಿಯ ತಿರುಳನ್ನು ಬೇಯಿಸಿದ ಸೊಪ್ಪಿಗೋ ಕೋಸಂಬರಿಗೋ ಸೇರಿಸು. ಆ ದಿನ ಊಟದಿಂದ ಹಪ್ಪಳ, ಕರಿದ ತಿಂಡಿ ತೆಗೆ. ಬಿಪಿ ಮಾತ್ರೆ ನಿಲ್ಲಿಸಬೇಡ. ಎಷ್ಟು ತಿನ್ನಬಹುದೆಂದು ಡಾಕ್ಟರ ಹತ್ತಿರ ಒಮ್ಮೆ ಕೇಳು.

ಮತ್ತೆ ಬಾಟಲಿ ಬಾರದಿದ್ದರೆ ಸಂಕಟಪಡಬೇಡ. ಒಲಿಯಿಕ್ ಆಮ್ಲ ನಿನ್ನ ಮನೆಯ ಶೇಂಗಾದಲ್ಲೂ ಇದೆ. ಶೇಂಗಾ ಎಣ್ಣೆಯ ಅರ್ಧದಷ್ಟು ಅದೇ. ನಮ್ಮ ದೇಶದಲ್ಲೇ ಬಿಡುಗಡೆಯಾಗಿರುವ ಗಿರ್ನಾರ್ 4, ಗಿರ್ನಾರ್ 5 ತಳಿಗಳಲ್ಲಿ ಶೇ 80ರ ಸುಮಾರಿಗೆ ಏರಿದೆ. ಸ್ಪೇನಿನ ಅಧ್ಯಯನದಲ್ಲಿ ಬೀಜ ತಿಂದವರಿಗೂ ಎಣ್ಣೆ ತಿಂದವರಷ್ಟೇ ಲಾಭವಾಯಿತು. ಕ್ರೀಟ್‌ನ ಅಜ್ಜಿ ಗುಡ್ಡದ ಸೊಪ್ಪಿಗೆ ಆಲಿವ್ ಹಾಕಿ ರುಚಿ ತಂದಳು. ನೀನು ಬೆರಕೆ ಸೊಪ್ಪಿಗೆ ಹುರಿದ ಶೇಂಗಾ ಕುಟ್ಟಿ ಹಾಕು.

ದತ್ತಿಯಿಟ್ಟ ಕುಟುಂಬದ ತಾಯಿಯನ್ನು ನಾನು ನೋಡಿದವಳಲ್ಲ. ಆದರೆ ಕ್ಷಾರದ ನೀರಿನಿಂದ ಕಾಯಿ ತೆಗೆದು, ಅಡ್ಡ ಕೊಯ್ದು, ಗೊರಟೆಯ ಸುತ್ತ ಪದರ ಉಳಿದಿದೆಯೇ ಎಂದು ನೋಡುವ ಆ ದೂರದ ಕೈಗಳ ಬಗ್ಗೆ ಓದುವಾಗಲೆಲ್ಲ ನನಗೆ ನಮ್ಮ ಅಡುಗೆಮನೆಯ ಹಿರಿಯರು ನೆನಪಾಗುತ್ತಾರೆ. ಎಷ್ಟು ತೆಗೆಯಬೇಕೆಂದು ಅವರಿಗೆ ಗೊತ್ತಿತ್ತು, ಎಷ್ಟು ಉಳಿಸಬೇಕೆಂದೂ ಗೊತ್ತಿತ್ತು. ಆ ಅರಿವು ಮುಂದಿನವರಿಗೂ ದಾಟಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.